ಗುರುತಿಲ್ಲದ ಟವೆಲ್

ನಮ್ಮ ಮನೆಯವರು ಗೋವಾಕ್ಕೆ ಹೋಗುತ್ತಿದ್ದದ್ದು ಸಮುದ್ರ ನೋಡಲು ಎಂದು ನೀವು ತಿಳಿದಿದ್ದರೆ ಅದು ತಪ್ಪು. ಸಮುದ್ರ ನೋಡಲು ಬಂದವರಿಗೆ ಬುದ್ಧಿ ಹೇಳಲು! ಆ ಕೊನೆಯ ಗುರುವಾರವೂ ಅದೇ ತಯಾರಿ ನಡೆದಿತ್ತು. ಬೈಲಹೊಂಗಲದ ಪೇಟೆಯಲ್ಲಿ ಅವರದೊಂದು ಹೊಲಿಗೆ ಅಂಗಡಿ. ಅಂದು ಅಂಗಡಿಯನ್ನು ಬೇಗ ಮುಚ್ಚಿ ಮನೆಗೆ ಬಂದು, ಹದಿನಾಲ್ಕು ಬಿಳಿ ಟವೆಲ್‌ಗಳನ್ನು ಮುಂದೆ ಹರವಿಕೊಂಡು, ಒಂದೊಂದರ ಮೂಲೆಗೂ ಬೇರೆ ಬೇರೆ ಬಣ್ಣದ ದಾರದಿಂದ ಗುರುತು ಹಾಕುತ್ತ ಕುಳಿತಿದ್ದರು. ನನ್ನದಕ್ಕೆ ಹಸಿರು, ರಾಮದುರ್ಗದ ನನ್ನ ತಮ್ಮನದಕ್ಕೆ ಕೆಂಪು, ಸವದತ್ತಿಯ ನಾದಿನಿಯದಕ್ಕೆ ಹಳದಿ. ಶನಿವಾರ ಮೂರು ಮನೆಯ ಹದಿನಾಲ್ಕು ಮಂದಿ ಗೋವಾಕ್ಕೆ ಹೊರಡುವುದಿತ್ತು.

ಇಷ್ಟೆಲ್ಲ ಯಾಕೆ ಎನ್ನುತ್ತೀರಾ? ಎರಡು ವರ್ಷದ ಹಿಂದೆ ಇದೇ ಮಂದಿ ಅಲ್ಲಿ ತೆಂಗಿನ ಮರಗಳ ನಡುವಿನ ಒಂದು ಬಂಗಲೆಯನ್ನು ಬಾಡಿಗೆಗೆ ಹಿಡಿದಿದ್ದೆವು. ಹದಿನಾಲ್ಕು ಜನ, ಬಚ್ಚಲು ಒಂದೇ. ಹೋದ ಕೂಡಲೇ ನಮ್ಮವರು ಬಚ್ಚಲ ಬಾಗಿಲಿಗೆ ಒಂದು ಹಾಳೆ ಅಂಟಿಸಿದರು: 'ಬಂಗಲೆಯಲ್ಲಿ ಇಳಿದವರಿಗೆ ಸೂಚನೆಗಳು.' ಸ್ನಾನಕ್ಕೆ ಪಾಳಿ ಹಚ್ಚಬೇಕು. ಹೊರಗಿನ ನಳದಲ್ಲಿ ಕಾಲು ತೊಳೆಯದೆ ಒಳಗೆ ಬರಬಾರದು. ಗೊರಕೆ ಹೊಡೆಯುವವರು ಹಾಸಿಗೆ ಹಂಚುವ ಮೊದಲೇ ಕೈ ಎತ್ತಬೇಕು. ಬಚ್ಚಲಲ್ಲಿ ಹಾಡುವವರು ಒಂದೇ ನುಡಿಗೆ ನಿಲ್ಲಿಸಬೇಕು.

"ಮಾವಾರ, ಇದು ಬಂಗಲೇನೋ, ಜೇಲೋ?" ಎಂದ ನನ್ನ ತಮ್ಮ.

"ಜೇಲಿನ್ಯಾಗರ ಒಂದು ಶಿಸ್ತ ಇರತೈತಿ. ನೀ ಮೊದಲ ಕೈ ಎತ್ತು!"

ಅವನು ಎತ್ತಲಿಲ್ಲ. ಮರುದಿನ ಮುಂಜಾನೆ ಹದಿಮೂರು ಮಂದಿಯ ಕೆಂಪು ಕಣ್ಣುಗಳೇ ಸಾಕ್ಷಿ ಹೇಳಿದವು.

ಆದರೆ ಬುದ್ಧಿ ಹೇಳುವವರಿಗೆ ಬುದ್ಧಿ ಹೇಳುವವರು ಯಾರು? ಅರವತ್ತು ಕಡಕ್ ರೊಟ್ಟಿಗಳನ್ನು ಅರಿವೆಯಲ್ಲಿ ಕಟ್ಟಿಸಿಕೊಂಡು ಬಂದಿದ್ದರು. ಡಬ್ಬಿಗೆ ಹಾಕುತ್ತೇನೆ ಎಂದರೆ ನನ್ನ ಮಾತು ಕೇಳಿರಲಿಲ್ಲ. ಸಮುದ್ರದ ಗಾಳಿಗೆ ಎರಡೇ ದಿನದಲ್ಲಿ ರೊಟ್ಟಿಗಳು ಒದ್ದೆ ಅರಿವೆಯಂತೆ ಜೋತುಬಿದ್ದವು. ಸೋತರೆಂದುಕೊಂಡಿರಾ? ಕಟ್ಟೆಯ ಮೇಲೆ ಎಲ್ಲವನ್ನೂ ಬಿಸಿಲಿಗೆ ಹರವಿ, ಕಾಗೆ ಓಡಿಸಲು ಛತ್ರಿ ಹಿಡಿದು ಕುಳಿತರು. ಮಂದಿಯೆಲ್ಲ ಸಮುದ್ರದಲ್ಲಿ, ನಮ್ಮವರು ರೊಟ್ಟಿ ಕಾವಲಿಗೆ! ಸಂಜೆ ಹಾಳೆಗೆ ಹೊಸ ಸಾಲು ಸೇರಿತು: 'ರೊಟ್ಟಿಯನ್ನು ಡಬ್ಬಿಯಲ್ಲಿಯೇ ಇಡಬೇಕು. ಇದನ್ನು ಮೊದಲೇ ಹೇಳಲಾಗಿತ್ತು.'

ಮೂರನೆಯ ದಿನ ಟವೆಲ್‌ಗಳು ಕಲೆತುಹೋದವು. ನನ್ನ ತಮ್ಮ ಚಪ್ಪಲಿಯ ಉಸುಕು ಒರೆಸಿದ ಟವೆಲ್ಲಿನಿಂದ ನಾದಿನಿ ಮುಖ ಒರೆಸಿಕೊಂಡಳು. ಆಗ ಬಿಟ್ಟ ಮಾತು, ಎರಡು ವರ್ಷವಾದರೂ ಇಬ್ಬರೂ ಆಡಿರಲಿಲ್ಲ. ಅದಕ್ಕೇ ಈ ಬಣ್ಣದ ದಾರ.

ಹದಿಮೂರಕ್ಕೆ ಗುರುತು ಬಿತ್ತು. ಹದಿನಾಲ್ಕನೆಯದನ್ನು ಅವರು ಹಾಗೆಯೇ ಮಡಚಿಟ್ಟರು.

"ನಿಮ್ಮದಕ್ಕ ದಾರ ಹಾಕಲಿಲ್ಲಲ್ಲರಿ?"

"ಯಾಕ ಬೇಕ? ಎಲ್ಲಾರದಕ್ಕೂ ಗುರುತ ಐತಿ. ಗುರುತಿಲ್ಲದ್ದು ನಂದು."

"ಅದೂ ಕಳದ ಹೋತಂದ್ರ?"

"ಹುಡಕಾಕ ನೀ ಇದ್ದೀಯಲ್ಲ."

"ನನಗೇನ ಬ್ಯಾರೆ ಕೆಲಸ ಇಲ್ಲೇನ್ರಿ?" ಎಂದು ನಾನು ಒಳಗೆ ಹೋದೆ.

ಶುಕ್ರವಾರ ಮುಂಜಾನೆ ಚಹಾ ತಂದು ಎಬ್ಬಿಸಿದೆ. ಅವರು ಏಳಲಿಲ್ಲ. ನಿದ್ದೆಯಲ್ಲೇ ಎದೆಬಡಿತ ನಿಂತಿದೆ ಎಂದರು ಡಾಕ್ಟರು.

ಎಸ್‌ಟಿಡಿ ಬೂತಿನಿಂದ ಫೋನು ಹೋದವು. ಗೋವಾಕ್ಕೆ ಹೊರಡಬೇಕಿದ್ದವರೆಲ್ಲ ನಮ್ಮ ಮನೆಗೆ ಬಂದರು. ಕಿತ್ತೂರಿನಿಂದ ಬೀಗರು, ಇನ್ನೂ ಎಲ್ಲೆಲ್ಲಿಂದಲೋ ಮಂದಿ ಬಂದರು. ಮಣ್ಣು ಮಾಡಿ ಬಂದವರೆಲ್ಲ ಸ್ನಾನ ಮಾಡಬೇಕು. ನಮ್ಮಲ್ಲಿಯೂ ಬಚ್ಚಲು ಒಂದೇ. ಯಾರೂ ಹೇಳದೆ ಎಲ್ಲರೂ ಪಾಳಿ ಹಚ್ಚಿ ನಿಂತರು. ಹೊರಗಿನ ನಳದಲ್ಲಿ ಕಾಲು ತೊಳೆದೇ ಒಳಗೆ ಬಂದರು. ಸಂಜೆ ಹಾಸಿಗೆ ಹಂಚುವಾಗ ನನ್ನ ತಮ್ಮ ಪಡಸಾಲೆಯ ನಡುವೆ ಸುಮ್ಮನೆ ಕೈ ಎತ್ತಿ ನಿಂತ.

"ಕೈ ಇಳಸ್ರಿ ಅಣ್ಣಾರ," ಎಂದಳು ನಾದಿನಿ. "ಇವತ್ತ ಯಾರಿಗೆ ನಿದ್ದಿ ಬರತೈತಿ?"

ಸ್ನಾನದ ಹೊತ್ತಿಗೆ ಯಾರೋ ಗೋವಾಕ್ಕೆಂದು ಕಟ್ಟಿಟ್ಟ ಚೀಲ ಬಿಚ್ಚಿ ಆ ಹದಿನಾಲ್ಕು ಟವೆಲ್‌ಗಳನ್ನು ಕೊಟ್ಟಿದ್ದರು. ಬಂದವರು ತಂದಿದ್ದ ಟವೆಲ್‌ಗಳೂ ಅದೇ ಹಗ್ಗದ ಮೇಲೆ ಬಿದ್ದವು. ಅವುಗಳಲ್ಲಿ ಗುರುತಿಲ್ಲದ ಬಿಳಿಯವು ಎಷ್ಟೋ ಇದ್ದವು. ನಮ್ಮವರು ಎಲ್ಲವನ್ನೂ ಮುಂದಾಗಿ ಯೋಚಿಸುವವರು. ಆದರೆ ಮನೆಗೆ ಇಷ್ಟು ಮಂದಿ ಬರುತ್ತಾರೆಂದು ಯೋಚಿಸಿರಲಿಲ್ಲ.

ಎಲ್ಲರೂ ಊರಿಗೆ ಹೋದ ಮೇಲೆ ಹಗ್ಗದ ಹತ್ತಿರ ಹೋಗಿ ನೋಡಿದೆ. ಬಣ್ಣದ ದಾರದವು ಹದಿಮೂರೂ ಇದ್ದವು. ಬರೀ ಬಿಳಿಯದು ಒಂದೂ ಇರಲಿಲ್ಲ. ಯಾರೋ ತಮ್ಮದೆಂದು ತಿಳಿದು ಒಯ್ದಿರಬೇಕು. ಕಿತ್ತೂರಿಗೆ ಹೋದಾಗ ಕೇಳಿದೆ, ಸವದತ್ತಿಗೆ ಹೋದಾಗ ಕೇಳಿದೆ. ಪಾಪ, ಅವರು ನಾಚಿಕೊಂಡು ಹೊಸ ಟವೆಲ್ ಕೊಡಲು ಬರುತ್ತಾರೆ. ಹೊಸದನ್ನು ತಂದು ನಾನೇನು ಮಾಡಲಿ? ಈಗಲೂ ಯಾರ ಮನೆಗೆ ಹೋದರೂ ಮೊದಲು ನನ್ನ ಕಣ್ಣು ಹೋಗುವುದು ಅರಿವೆ ಒಣಹಾಕುವ ಹಗ್ಗದ ಕಡೆಗೆ.

ಅವರ ಟವೆಲ್ ಇನ್ನೂ ಸಿಕ್ಕಿಲ್ಲ.