ಮೀಸೆಗೆ ತೆತ್ತ ಎರಡು ಜೀವ

‘ಕರಿಗುಡ್ಡದ ಸಿಂಹಾಸನ’ ಕಾದಂಬರಿಯ ನಾಲ್ಕೂ ಭಾಗಗಳನ್ನು ನನ್ನಷ್ಟು ಅರೆದು ಕುಡಿದವರು ಇಡೀ ಫಳ್ನೀರಿನಲ್ಲಿ ಇನ್ನೊಬ್ಬರಿರಲಿಲ್ಲ. ಇದು ಜಂಬವಲ್ಲ, ದೇವರು ನನಗೆ ಕೊಟ್ಟ ಸಣ್ಣ ವರ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನನ್ನ ಅತ್ತೆಗೆ, ಅಂದರೆ ಮಾಮಿಗೆ, ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಮೇಲಿನ ಮನೆಯ ಜುಬೇದಾ ಒಲೆ ಆರಿಸಿ ಇಳಿದು ಬಂದು ಹೊಸ್ತಿಲ ಬಳಿ ಕೂರುತ್ತಿದ್ದಳು.

ಕಥೆ ಇಷ್ಟೆ. ಯುವರಾಜ ಶೂರಧ್ವಜ ಕಾಡು, ಗುಹೆ, ರಾಕ್ಷಸರನ್ನೆಲ್ಲ ದಾಟಿ, ಸೆರೆಯಲ್ಲಿರುವ ರಾಜಕುಮಾರಿ ಹೇಮರೇಖೆಯನ್ನು ಬಿಡಿಸಲು ಬೆಂಕಿದೇವಿಯ ಗುಡಿಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಅಲ್ಲಿಗೆ ನಾಲ್ಕನೆಯ ಭಾಗ ಮುಗಿಯಿತು. ಐದನೆಯದು ಬರಲೇ ಇಲ್ಲ! ಬರೆದವರಿಗೆ ಏನಾಯಿತೋ, ಅಚ್ಚು ಹಾಕಿದವರಿಗೆ ಏನಾಯಿತೋ. ಮಾಮಿಗೆ ಮಾತ್ರ ಅದೇ ಕೊರಗು.

“ಆ ಹುಡುಗಿಗೆ ಒಂದು ಮದುವೆ ಆಗುವುದನ್ನು ನೋಡದೆ ನಾನು ಕಣ್ಣು ಮುಚ್ಚುವವಳಲ್ಲ” ಎನ್ನುತ್ತಿದ್ದರು. ಸ್ವಂತ ಮಗಳ ಮದುವೆಗೂ ಅವರು ಇಷ್ಟು ಹಟ ಹಿಡಿದದ್ದಿಲ್ಲ.

ಆ ವರ್ಷ ಮಳೆಗಾಲದಲ್ಲಿ ಜುಬೇದಾಳ ತಮ್ಮ ರಫೀಕ್ ದುಬೈಯಿಂದ ರಜೆಯಲ್ಲಿ ಬಂದ. ಎಲ್ಲರೂ ಟೇಪ್ ರೆಕಾರ್ಡರ್, ಸೆಂಟಿನ ಬಾಟಲಿ ತಂದರೆ ಇವನು ತಂದದ್ದು ಟಿ.ವಿ.ಗೆ ತಗುಲಿಸುವ ಒಂದು ಕಂಪ್ಯೂಟರ್. ನೋಡಲಿಕ್ಕೆ ಟೈಪ್‌ರೈಟರಿನ ಮರಿಯ ಹಾಗೆ ಇತ್ತು. ಅದರಲ್ಲಿ ಆಟ ಆಡಬಹುದಂತೆ. ನಾವೇ ರಾಜಕುಮಾರನಾಗಿ ದಾರಿ ಹಿಡಿಯಬಹುದಂತೆ, ಹೇಳಿದ ಹಾಗೆ ಅವನು ನಡೆಯುತ್ತಾನಂತೆ. ಅಕ್ಕನ ಕಾಟ ತಾಳಲಾರದೆ ರಫೀಕ್ ನಮ್ಮ ‘ಕರಿಗುಡ್ಡದ ಸಿಂಹಾಸನ’ವನ್ನೇ ಆಟ ಮಾಡಲು ಕುಳಿತ. ಪುಸ್ತಕ ನಿಂತಲ್ಲಿಂದ ಮುಂದಕ್ಕೆ ತಾನೇ ಹೊಸೆದು ಕೊನೆಗೆ ಮದುವೆ ಮಾಡಿಸಿಯೇ ಬಿಡುತ್ತೇನೆ ಎಂದು ಮಾಮಿಗೆ ಮಾತು ಕೊಟ್ಟ.

“ಆಟಿಯಲ್ಲಿ ಮದುವೆಯಾ?” ಎಂದರು ಮಾಮಿ. ಆಟಿ ತಿಂಗಳಲ್ಲಿ ನಮ್ಮಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ.

“ನನ್ನ ರಜೆ ಇರುವುದೇ ಆಟಿಯಲ್ಲಿ ಅಲ್ವಾ ಮಾಮಿ, ಎಂತ ಮಾಡುವುದು?”

ನಾನು ಸುಮ್ಮನಿರುವವಳಲ್ಲ. ಪುಸ್ತಕದ ಮಾನ ಕಾಯುವ ಹೊಣೆ ನನ್ನದೆಂದು ನಾನೇ ತೀರ್ಮಾನಿಸಿಕೊಂಡು ದಿನಾ ಮೆಟ್ಟಿಲು ಹತ್ತಿ ಹೋಗಿ ಅಪ್ಪಣೆ ಕೊಡತೊಡಗಿದೆ. ಹೇಮರೇಖೆಯ ಮುಡಿಯಲ್ಲಿ ಮಲ್ಲಿಗೆ ಇರಲೇಬೇಕು.

“ಅಕ್ಕ, ಇದರ ಹೊಟ್ಟೆ ಚಿಕ್ಕದು, ಜಾಗ ಇಲ್ಲ” ಎಂದ ರಫೀಕ್. “ಮಲ್ಲಿಗೆ ಹಾಕಿದರೆ ಕುದುರೆ ತೆಗೆಯಬೇಕು.”

“ತೆಗಿ. ಹುಡುಗ ನಡೆದುಕೊಂಡು ಬರಲಿ. ಮಲ್ಲಿಗೆ ಇಲ್ಲದ ಮದುಮಗಳು ಉಂಟಾ?”

ಮರುದಿನ ಹೋಗಿ ಶೂರಧ್ವಜನಿಗೆ ಮೀಸೆ ಕೇಳಿದೆ. ರಫೀಕ್ ತಲೆಯ ಮೇಲೆ ಕೈ ಹೊತ್ತ.

“ಅವನಿಗೆ ಮೂರು ಜೀವ ಇಟ್ಟಿದ್ದೇನೆ ಅಕ್ಕ. ಒಮ್ಮೆ ಸತ್ತರೆ ಎದ್ದು ಬರ್ತಾನೆ, ಇನ್ನೊಮ್ಮೆ ಸತ್ತರೂ ಬರ್ತಾನೆ. ಮೀಸೆ ಬೇಕಾದರೆ ಎರಡು ಜೀವ ತೆಗೆಯಬೇಕು. ಆಮೇಲೆ ಒಂದೇ!”

“ನಾನಿರುವಾಗ ಅವನು ಯಾಕೆ ಸಾಯ್ತಾನೆ ಮಾರಾಯ? ಮೀಸೆ ಇಡು.”

ಮೀಸೆ ಬಂತು.

ಆಟದ ದಿನ ಅವಸರದ ದಿನವೂ ಆಗಿತ್ತು. ಸಂಜೆಯ ಬೊಂಬಾಯಿ ಬಸ್ಸಿಗೆ ರಫೀಕ್ ಹೊರಡಬೇಕು, ಕಂಪ್ಯೂಟರ್ ಅವನ ಜತೆ ಹೋಗಬೇಕು. ಮಾಮಿಯ ಮೊಣಕಾಲು ಮೆಟ್ಟಿಲು ಒಪ್ಪದ ಕಾರಣ ಊಟ ಆದೊಡನೆ ಅದನ್ನು ನಮ್ಮ ಮನೆಗೇ ಇಳಿಸಿದ. ಹೊರಗೆ ಧೋ ಎಂದು ಮಳೆ. ಕರೆಂಟ್ ಇತ್ತು. ಇದು ಸಣ್ಣ ಕೃಪೆಯೇ? ದೀಪ ಹಚ್ಚಿ ಕೈಮುಗಿದೆ. ಆಟ ಇದ್ದದ್ದು ಕ್ಯಾಸೆಟ್ಟಿನಲ್ಲಿ. ಅದನ್ನು ಹಾಕಿದೊಡನೆ ನೂರು ಕಾಗೆಗಳನ್ನು ಒಟ್ಟಿಗೆ ಒನಕೆಯಲ್ಲಿ ಕುಟ್ಟಿದಂಥ ಸದ್ದು ಬಂತು.

“ಇದು ಯಾವ ಭಜನಾ ಮಂಡಳಿ?” ಎಂದರು ಮಾಮಿ.

ಬಹಳ ಹೊತ್ತಿನ ಮೇಲೆ ನಮ್ಮ ಕಪ್ಪುಬಿಳುಪು ಟಿ.ವಿ.ಯಲ್ಲಿ ಒಂದು ಬಿಳಿ ಚೌಕ ಮೂಡಿತು. ಅದರ ನಡುವೆ ಒಂದು ಅಡ್ಡಗೆರೆ.

“ಇವನೇ ಶೂರಧ್ವಜ” ಎಂದ ರಫೀಕ್ ಹೆಮ್ಮೆಯಿಂದ.

ಗುಡಿಯ ಬಾಗಿಲಿನಂಥ ಎದೆ, ಆನೆಯ ಸೊಂಡಿಲಿನಂಥ ತೋಳು ಎಂದು ನಾಲ್ಕು ಭಾಗ ಓದಿದ ನಾವು ಮೂವರೂ ಆ ಚೌಕವನ್ನು ನೋಡಿದೆವು.

“ಸೌದೆ ತುಂಡಿನ ಹಾಗೆ ಇದ್ದಾನಲ್ಲಾ!” ಎಂದಳು ಜುಬೇದಾ.

“ಮೀಸೆ ಉಂಟಲ್ಲ” ಎಂದೆ ನಾನು. ನನ್ನ ಮೀಸೆಯನ್ನು ನಾನಲ್ಲದೆ ಇನ್ಯಾರು ಹೊಗಳಬೇಕು?

ಬರಹವೆಲ್ಲ ಇಂಗ್ಲಿಷಿನಲ್ಲಿತ್ತು. ರಫೀಕ್ ಕನ್ನಡದಲ್ಲಿ ಹೇಳುವುದು, ನಾನು ಅಪ್ಪಣೆ ಕೊಡುವುದು, ಅವನು ಅದನ್ನು ಒತ್ತುವುದು. ಹೀಗೆ ಆಟ ಶುರುವಾಯಿತು. ಮೊದಲು ಒಂದು ಅಶ್ವತ್ಥ ಮರ ಬಂತು.

“ಸುತ್ತು ಬರಲಿ” ಎಂದೆ.

“ಅಕ್ಕ, ಸುಮ್ಮನೆ ನಡೆದರೆ ಅವನ ಶಕ್ತಿ ಕಡಿಮೆಯಾಗ್ತದೆ.”

“ಅಶ್ವತ್ಥಕ್ಕೆ ಸುತ್ತು ಬಂದರೆ ಶಕ್ತಿ ಕಡಿಮೆಯಾಗುವುದುಂಟಾ? ನಿನ್ನ ಮಿಷನ್‌ಗೆ ಬುದ್ಧಿ ಇಲ್ಲ.”

ಸುತ್ತು ಬಂದು ಅರ್ಧ ಶಕ್ತಿ ಇಳಿಯಿತು. ದಾರಿಯಲ್ಲಿ ಒಂದು ದೀಪ ಸಿಕ್ಕಿತು. ಪಕ್ಕದಲ್ಲೇ ನಾಗನ ಕಲ್ಲು. ದೀಪ ಕೈಯಲ್ಲಿರುವಾಗ ನಾಗನನ್ನು ಕತ್ತಲೆಯಲ್ಲಿ ಬಿಟ್ಟು ಹೋಗುವುದು ಎಂಥ ಸಂಸ್ಕಾರ? ಹಚ್ಚಿಟ್ಟು ಮುಂದೆ ಹೋದೆವು. ಮುಂದೆ ಇದ್ದದ್ದು ಗುಹೆ. ಕಾರ್ಗತ್ತಲೆ! ದೀಪವಿಲ್ಲದ ಶೂರಧ್ವಜ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತ, ಬಾವಲಿಗಳಿಂದ ಕಚ್ಚಿಸಿಕೊಳ್ಳುತ್ತ, ಅಂತೂ ಹೊರಗೆ ಬಿದ್ದ. ಬದುಕಿದ್ದ. ದೇವರು ದೊಡ್ಡವನು.

“ಅಕ್ಕ, ಇನ್ನು ಜಾಗ್ರತೆ” ಎಂದ ರಫೀಕ್. ಗಡಿಯಾರ ನೋಡಿದ.

ಕೊನೆಗೂ ಬೆಂಕಿದೇವಿಯ ಗುಡಿ ಬಂತು. ಒಳಗೆ ಮೂಲೆಯಲ್ಲಿ ಪುಟ್ಟ ನಕ್ಷತ್ರವೊಂದು ಮಿಣುಕುತ್ತಿತ್ತು, ಅದರ ತಲೆಯ ಮೇಲೆ ನಾಲ್ಕು ಚುಕ್ಕಿ. ಹೇಮರೇಖೆ ಮತ್ತು ಮಲ್ಲಿಗೆ! ಮಾಮಿ ಕುರ್ಚಿಯನ್ನು ಟಿ.ವಿ.ಯ ಹತ್ತಿರಕ್ಕೆ ಎಳೆಸಿಕೊಂಡರು. ನನ್ನ ಕಣ್ಣು ತುಂಬಿತು. ಪುಸ್ತಕ ನಿಂತದ್ದು ಇಲ್ಲಿಯೇ. ಇದರಾಚೆ ನಮ್ಮಲ್ಲಿ ಯಾರೂ ಕಾಲಿಟ್ಟವರಿಲ್ಲ.

“ಗುಡಿಯ ನೆಲ ಕೆಂಪಗೆ ಹೊಳೀತಾ ಉಂಟು” ಎಂದು ರಫೀಕ್ ಓದಿದ. “ಶೂರಧ್ವಜನ ಕಾಲಲ್ಲಿ ಋಷಿ ಕೊಟ್ಟ ಮಾಯಾಪಾದುಕೆ ಉಂಟು. ಈಗ ಎಂತ ಮಾಡಬೇಕು?”

ಇದೂ ಒಂದು ಪ್ರಶ್ನೆಯೇ!

“ಪಾದುಕೆ ಹೊರಗೆ ಬಿಡಲಿ.”

ರಫೀಕ್ ಬೆಚ್ಚಿ ನನ್ನನ್ನು ನೋಡಿದ. “ಅಕ್ಕ, ಅದು ಸಾಮಾನ್ಯದ್ದಲ್ಲ. ಇನ್ನೊಮ್ಮೆ ಆಲೋಚನೆ ಮಾಡಿ.”

“ಸಾಮಾನ್ಯದ್ದಾಗಲಿ, ಮಾಯದ್ದಾಗಲಿ, ಚಪ್ಪಲಿ ಚಪ್ಪಲಿಯೇ. ದೇವಿಯ ಎದುರಿಗೆ ಮೆಟ್ಟಿಕೊಂಡು ಹೋಗುವುದಾ?”

“ಬಿಡಿಸು ಮಗಾ” ಎಂದರು ಮಾಮಿ.

“ಮಸೀದಿಗೂ ನಾವು ಬಿಟ್ಟೇ ಅಲ್ವಾ ಹೋಗುವುದು!” ಎಂದಳು ಜುಬೇದಾ.

ಎರಡು ಧರ್ಮಗಳೂ ಒಂದಾದ ಮೇಲೆ ಪಾಪ ರಫೀಕ್ ಏನು ಮಾಡಿಯಾನು? ಒತ್ತಿದ. ಶೂರಧ್ವಜ ಪಾದುಕೆ ಬಿಟ್ಟು, ಬರಿಗಾಲಲ್ಲಿ, ಭಕ್ತಿಯಿಂದ, ಕೆಂಡದ ಮೇಲೆ ಹೆಜ್ಜೆ ಇಟ್ಟ. ‘ಟುಯ್ಯ್’ ಎಂದು ಒಂದು ಸದ್ದು. ಚೌಕ ಮಾಯ. ಒಂದು ಕ್ಷಣ ಮೀಸೆ ಮಾತ್ರ ಉಳಿದಿತ್ತು. ಆಮೇಲೆ ಅದೂ ಹೋಯಿತು.

“ಎಲ್ಲಿಗೆ ಹೋದ?” ಎಂದರು ಮಾಮಿ.

“ಸತ್ತ ಮಾಮಿ.”

“ಎದ್ದು ಬರ್ತಾನೆ ಅಂದಿದ್ದಿಯಂತಲ್ಲ?”

“ಎರಡು ಜೀವ ಮೀಸೆಗೆ ಹೋಯಿತಲ್ಲ ಮಾಮಿ” ಎಂದು ರಫೀಕ್ ನನ್ನನ್ನು ನೋಡಿದ. ಎಲ್ಲರೂ ನನ್ನನ್ನು ನೋಡಿದರು. ನಾನು ದೇವರ ಪಟ ನೋಡಿದೆ.

ಪುಣ್ಯಾತ್ಮ ಬೈಯಲಿಲ್ಲ, ಕ್ಯಾಸೆಟ್ ಹಿಂದಕ್ಕೆ ಸುತ್ತಿ ಮೊದಲಿನಿಂದ ಹಾಕಿದ. ಕಾಗೆಗಳು ಮತ್ತೆ ಕಿರುಚಿದವು. ಅರ್ಧ ಕಿರುಚುವಾಗ ಹೊರಗೆ ಫಟಾರ್ ಎಂದು ಸಿಡಿಲು. ಕರೆಂಟ್ ಹೋಯಿತು! ಕಾದೆವು. ಬರಲಿಲ್ಲ. ಬಸ್ಸಿನ ಹೊತ್ತಾಯಿತೆಂದು ರಫೀಕ್ ವಯರುಗಳನ್ನು ಸುತ್ತತೊಡಗಿದ.

“ಕೊನೆಗೆ ಎಂತ ಇತ್ತು, ಬಾಯಲ್ಲಾದರೂ ಹೇಳು” ಎಂದಳು ಜುಬೇದಾ.

“ಮದುವೆ ಇತ್ತು. ಇಡೀ ಸ್ಕ್ರೀನ್ ಮೇಲಿಂದ ಮಲ್ಲಿಗೆ ಉದುರುತ್ತಿತ್ತು. ಆಮೇಲೆ ಮದುವೆ ಮಾಡಿಸಿದವರು ಅಂತ ನಿಮ್ಮ ಮೂರು ಜನರ ಹೆಸರು. ಮಾಮಿಯದ್ದು ಮೊದಲು.”

“ನನ್ನ ಹೆಸರಾ? ಟಿ.ವಿ.ಯಲ್ಲಾ?” ಮಾಮಿಯ ಸ್ವರವೇ ಬದಲಾಯಿತು. ನಿಧಾನವಾಗಿ ನನ್ನ ಕಡೆ ತಿರುಗಿದರು. “ಸುಮತಿ, ಆ ಹುಡುಗ ಚಪ್ಪಲಿ ಹಾಕಿಕೊಂಡೇ ಹೋಗಿದ್ದರೆ ನಿನ್ನ ಅಪ್ಪನ ಗಂಟು ಹೋಗ್ತಿತ್ತಾ?”

ಬಿಡಿಸು ಎಂದದ್ದು ನೀವೇ ಅಲ್ವಾ ಎಂದು ಕೇಳುವಷ್ಟು ಧೈರ್ಯ ದೇವರು ನನಗೆ ಕೊಟ್ಟಿಲ್ಲ. ಅದೂ ಒಂದು ಕೃಪೆ.

ಆಮೇಲೆ ಮಾಮಿ ಕೇಳಿದರು. “ಮಗಾ, ಕರೆಂಟ್ ಹೋಯಿತಲ್ಲ, ಒಳಗಿದ್ದ ಹುಡುಗಿ?”

“ಕರೆಂಟ್ ಹೋದರೆ ಒಳಗೆ ಯಾರೂ ಉಳಿಯುವುದಿಲ್ಲ ಮಾಮಿ.”

“ಹಾಗಾದರೆ ಅವಳೂ ಹೋದಳು.” ಮಾಮಿಯ ಮುಖ ಅರಳಿತು. “ಒಳ್ಳೆಯದೇ ಆಯಿತು! ಇಬ್ಬರೂ ಮದುವೆಯಾಗದೆ ಸತ್ತವರು. ತಿಂಗಳು ಆಟಿ. ಕುಲೆ ಮದಿಮೆ ಮಾಡಿ ಮುಗಿಸುವ!”

ಮದುವೆಯಾಗದೆ ತೀರಿಹೋದ ಹುಡುಗ ಹುಡುಗಿಗೆ ಆಟಿಯಲ್ಲಿ ಮದುವೆ ಮಾಡಿಸುವ ಪದ್ಧತಿ ನಮ್ಮ ತುಳುವರಲ್ಲಿ ಉಂಟು. ಆದರೆ ಚೌಕಕ್ಕೂ ನಕ್ಷತ್ರಕ್ಕೂ ಮಾಡಿದ ಮನೆ ನಮ್ಮದೊಂದೇ ಇರಬೇಕು. ಅಡುಗೆಯ ಶಿಕ್ಷೆ ನನಗೆ. ಜುಬೇದಾ ನಗು ತಡೆಯಲಾರದೆ ಮೇಲಿನಿಂದ ಕೋಳಿ ಕಳುಹಿಸಿದಳು. ರಫೀಕ್ ಮಾಮಿಯ ಕಾಲು ಮುಟ್ಟಿ, “ಮದುವೆ ಊಟ ನನಗೆ ತಪ್ಪಿತು” ಎಂದು ನಕ್ಕು ಬಸ್ಸಿಗೆ ಹೊರಟ.

ನನ್ನ ಗಂಡ ಕೊಟ್ಟಾರದ ಆಫೀಸಿನಿಂದ ಒದ್ದೆಯಾಗಿ ಬಂದಾಗ ಟಿ.ವಿ.ಯ ಎದುರು ತೀರಿಹೋದವರಿಗೆ ಬಡಿಸುವ ಹಾಗೆ ಜೋಡಿ ಬಾಳೆಲೆ, ಅದರಲ್ಲಿ ಕೋರಿ ರೊಟ್ಟಿ, ಪಕ್ಕದಲ್ಲಿ ಒಂದು ಚೆಂಡು ಮಲ್ಲಿಗೆ. ಬಾಗಿಲಲ್ಲೇ ನಿಂತರು.

“ಯಾರು ಹೋದದ್ದು?”

“ಶೂರಧ್ವಜ” ಎಂದರು ಮಾಮಿ. “ನಿನ್ನ ಹೆಂಡತಿ ಕೊಂದಳು.”

“ಮತ್ತೆ ಈ ಊಟ?”

“ಮದುವೆಯದ್ದು.”

ಅವರು ಹೆಚ್ಚು ಕೇಳಲಿಲ್ಲ. ಒಳ್ಳೆಯ ಗಂಡಸು. ಬಟ್ಟೆ ಬದಲಾಯಿಸಿ ಬಂದು ಊಟಕ್ಕೆ ಕುಳಿತರು.

ಮನಸ್ಸಿಗೆ ಸಮಾಧಾನವಿಲ್ಲದೆ ಮರುದಿನ ಬೆಳಿಗ್ಗೆ ದೇವಸ್ಥಾನಕ್ಕೆ ಹೋದೆ. ಮೆಟ್ಟಿಲ ಬದಿಯಲ್ಲಿ ಚಪ್ಪಲಿ ಬಿಟ್ಟು, ಸುತ್ತು ಬಂದು, ತಪ್ಪು ಕಾಣಿಕೆ ಹಾಕಿ, ಹಗುರವಾಗಿ ಹೊರಗೆ ಬಂದು ನೋಡುತ್ತೇನೆ, ಚಪ್ಪಲಿ ಇಲ್ಲ! ಮಳೆಯಲ್ಲಿ, ಕೆಸರಲ್ಲಿ, ಕಲ್ಲು ಚುಚ್ಚಿಸಿಕೊಳ್ಳುತ್ತ ಮನೆಯವರೆಗೆ ಬರಿಗಾಲಲ್ಲಿ ನಡೆದೆ.

ಜಗಲಿಯಲ್ಲಿದ್ದ ಮಾಮಿ ನನ್ನ ಕಾಲನ್ನೇ ನೋಡಿದರು.

“ನೀನಾದರೂ ಜೀವಸಹಿತ ಬಂದಿಯಲ್ಲ. ಇನ್ನು ಜಾಗ್ರತೆ ಮಾರಾಯ್ತಿ! ಮೀಸೆ ಇಲ್ಲದಿದ್ದರೂ ನಿನಗೂ ಇರುವುದು ಒಂದೇ.”