ಲಿನಕ್ಸ್ ಮನೆಯೊಳಗೆ ಒಂದು ಬಾಡಿಗೆ ಖೋಲಿ

ವಿಂಡೋಸ್ ಎಂಬ ಹೆಸರು ಬಾಯಿಗೆ ಬಂದರೆ ನಮ್ಮ ಕಾಕಾ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದರು. ಇದನ್ನು ನಾನು ಎಷ್ಟೋ ಜನರ ಮುಂದೆ ಹೇಳಿ ನಗಿಸಿದ್ದೇನೆ. ನಿಜವಾಗಿ ಹಾಗೆ ನಡೆದಿತ್ತೇ? ಈಗ ಕೇಳಿಕೊಂಡರೆ ಖಾತ್ರಿಯಿಲ್ಲ. ಒಮ್ಮೆ ಅವರು ಎಲೆಅಡಿಕೆ ಉಗುಳಲು ಎದ್ದದ್ದನ್ನೇ ನಾನು ಹಾಗೆ ಅರ್ಥ ಮಾಡಿಕೊಂಡಿರಬಹುದು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದುವಾಗ, ಪುರಾವೆ ಇಲ್ಲದ ಮಾತನ್ನು ನಂಬಬಾರದು ಎಂದು ನನಗೆ ಚೆನ್ನಾಗಿ ಕಲಿಸಿದರು. ನನ್ನ ಮಾತಿಗೇ ಪುರಾವೆ ಇಲ್ಲದಾಗ ಏನು ಮಾಡಬೇಕೆಂದು ಮಾತ್ರ ಯಾರೂ ಕಲಿಸಲಿಲ್ಲ. ಆದ್ದರಿಂದ ಇದರಲ್ಲಿ ಅರ್ಧ ಕಳೆದು ಓದಿಕೊಳ್ಳಿ. ಯಾವ ಅರ್ಧ ಎಂದು ಕೇಳಬೇಡಿ. ಗೊತ್ತಿದ್ದರೆ ನಾನೇ ಕಳೆಯುತ್ತಿದ್ದೆ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಜಮಖಂಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಮನೆ ಬನಹಟ್ಟಿಯಲ್ಲಿ, ಎಡಕ್ಕೂ ಬಲಕ್ಕೂ ಪವರ್‌ಲೂಮುಗಳಿರುವ ಓಣಿಯಲ್ಲಿ. ಅಲ್ಲಿ ಮಾತಾಡುವುದೆಂದರೆ ಕೂಗುವುದು. ಕಾಕಾ ಅಕ್ಕರೆಯಿಂದ ಹೇಳಿದ್ದೂ ಜಗಳದಂತೆ ಕೇಳಿಸುತ್ತಿತ್ತು. ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ ತಮ್ಮ ದನಿ ತಮಗೇ ಕೇಳಿ, ಯಾರೋ ಬೈದರೆಂಬಂತೆ ಸುಮ್ಮನಾಗಿಬಿಡುತ್ತಿದ್ದರು.

ವಿಂಡೋಸ್ ಬದಲು ಕಂಪ್ಯೂಟರ್ ನಡೆಸಲು ಪುಕ್ಕಟೆ ಸಿಗುವ, ಯಾರು ಬೇಕಾದರೂ ತಿದ್ದಿಕೊಳ್ಳಬಹುದಾದ ಈ ಲಿನಕ್ಸ್ ಅವರಿಗೆ ಹಿಡಿದದ್ದು ಹೇಗೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕೆಲವರಿಗೆ ನಾಟಕದ ಹುಚ್ಚು ಹಿಡಿಯುತ್ತದೆ, ಕೆಲವರಿಗೆ ಪಾರಿವಾಳದ್ದು. ಇವರಿಗೆ ಇದು ಹಿಡಿಯಿತು. ನಾನು ಹೋದಾಗೆಲ್ಲ ಚಹಾ ಬರುವ ಮೊದಲೇ ಉಪದೇಶ ಬರುತ್ತಿತ್ತು.

“ತಮ್ಮಾ, ರೊಕ್ಕಾ ಕೊಟ್ಟು ತಗೊಂಡ್ರೂ ಅದು ನಿಂದಲ್ಲ. ಬಾಡಿಗಿ ಮನಿ ಅದು. ಗ್ವಾಡಿಗೆ ಒಂದು ಮೊಳಿ ಹೊಡೀಬೇಕಂದ್ರ ಮಾಲಕನ್ನ ಕೇಳಬೇಕು. ಲಿನಕ್ಸ್ ಅಂದ್ರ ಸ್ವಂತ ಮನಿ.”

“ಸ್ವಂತ ಮನಿ ಸೋರಿದ್ರ ಕಾಕಾ?”

“ಸೋರ್ತೈತಿ. ಯಾರ್ ಇಲ್ಲಂದ್ರು? ಮಾಳಗಿ ಏರಿ ನಾವ ಮಣ್ಣ ಹಾಕ್ತೀವಿ.”

ಅವರು ಕಂಪ್ಯೂಟರ್ ಬಳಸಿದ್ದಕ್ಕಿಂತ ಮಾಳಗಿ ಏರಿ ಸೋರಿದ್ದನ್ನು ಮುಚ್ಚಿದ್ದೇ ಹೆಚ್ಚು ಎಂದು ಅವರ ಹೆಂಡತಿ, ನಮ್ಮ ಕಾಕೂ, ಒಳಗಿನಿಂದ ಹೇಳುತ್ತಿದ್ದರು. ಪ್ರಿಂಟರ್ ಒಂದು ಹಾಳೆ ಕೊಡಬೇಕಾದರೆ ಕಾಕಾ ಅರ್ಧ ದಿನ ಅದರ ಮುಂದೆ ಕೂತು ಏನೇನೋ ಟೈಪು ಮಾಡಬೇಕಿತ್ತು. ಹಾಳೆ ಹೊರಬಂದಾಗ ಅದರಲ್ಲಿ ಏನು ಛಾಪಿಸಬೇಕಾಗಿತ್ತು ಎಂಬುದೇ ಎಲ್ಲರಿಗೂ ಮರೆತಿರುತ್ತಿತ್ತು.

ಮುಧೋಳದಲ್ಲಿ ನನ್ನ ತಮ್ಮನ ಫೋಟೋ ಸ್ಟುಡಿಯೋ ಇದೆ. ಅವನು ಊರಲ್ಲಿಲ್ಲದ ಹೊತ್ತು ನೋಡಿ ಕಾಕಾ ಅವನ ಕಂಪ್ಯೂಟರಿಗೂ ಲಿನಕ್ಸ್ ಹಾಕಿ, ಉಪಕಾರ ಮಾಡಿದ ತೃಪ್ತಿಯಿಂದ ಬಸ್ಸು ಹತ್ತಿ ಬನಹಟ್ಟಿಗೆ ಬಂದುಬಿಟ್ಟರು. ಮದುವೆ ಆಲ್ಬಮ್ ಮಾಡುವ ಅವನ ಸಾಫ್ಟ್‌ವೇರ್ ವಿಂಡೋಸ್ ಬಿಟ್ಟು ಬೇರೆಲ್ಲೂ ನಡೆಯುವಂಥದ್ದಲ್ಲ. ಲಿನಕ್ಸಿನಲ್ಲಿ ಇದ್ದುದರಲ್ಲೇ ಫೋಟೋ ತೆರೆದು ನೋಡಿ, ಮರುದಿನ ಅವನ ಫೋನು.

“ಕಾಕಾ, ಮದಮಗಳ ಮಾರಿ ಹಸರ ಆಗೇತ್ರಿ.”

“ಹಸರು ಛಲೋ ಬಣ್ಣ. ಸ್ವಂತ ಬಣ್ಣ.”

“ಬೀಗರು ಸ್ಟುಡಿಯೋದಾಗ ಕುಂತಾರ್ರಿ.”

“ಚಹಾ ಕುಡಸು. ನಾ ಬರ್ತೀನಿ, ಮಾಳಗಿ ಏರೋಣು.”

ಬೀಳಗಿಯಲ್ಲಿ ಒಂದು ಮದುವೆ. ಎಲ್ಲರೂ ಆಯೇರಿಗೆ ಸೀರೆ, ಪಾತ್ರೆ ತಂದರೆ ಇವರು ಲಿನಕ್ಸ್ ತುಂಬಿದ ಪೆನ್‌ಡ್ರೈವನ್ನು ಬೆಳ್ಳಿ ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟರು. ಮದುಮಗನ ಅಜ್ಜಿ ಅದನ್ನು ಹೊರಳಿಸಿ ಹೊರಳಿಸಿ ನೋಡಿ, “ಇದು ಯಾ ಪೆಟ್ಟಿಗಿ ಕೀಲಿಕೈರಿ?” ಎಂದರು. “ಎಲ್ಲಾ ಪೆಟ್ಟಿಗಿದೂ ಐತ್ರಿ ಅಮ್ಮಾ,” ಎಂದು ಕಾಕಾ. ಅಜ್ಜಿ ಅದನ್ನು ಸೊಂಟದ ಕೀಲಿಗೊಂಚಲಿಗೆ ಸಿಕ್ಕಿಸಿಕೊಂಡರಂತೆ. ಈ ಪ್ರಸಂಗದಲ್ಲಿ ನಾನು ಇರಲಿಲ್ಲ. ಆದರೂ ಆ ಗೊಂಚಲು ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ನನ್ನ ನೆನಪಿನ ಗುಣಮಟ್ಟ ಇಷ್ಟು.

ಇಂಥ ಕಾಕಾನ ಸ್ವಂತ ಕಂಪ್ಯೂಟರಿನೊಳಗೇ ಒಂದು ವಿಂಡೋಸ್ ಇತ್ತು ಎಂದರೆ ನಂಬುತ್ತೀರಾ?

ಕಾಕೂ ರಬಕವಿಯ ನೇಕಾರರ ಮನೆಯವರು. ಸೀರೆಯ ದಡಿಗೆ, ಅಂದರೆ ಅಂಚಿಗೆ, ವಿನ್ಯಾಸ ಬರೆಯುವುದು ಅವರ ಕೆಲಸ. ಮೊದಲು ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬುತ್ತಿದ್ದರು; ಒಂದು ಚೌಕಕ್ಕೆ ಮಗ್ಗದಲ್ಲಿ ಒಂದು ಎಳೆ. ಆಮೇಲೆ ಕಂಪ್ಯೂಟರ್ ಬಂತು. ಓಣಿಯ ಮಗ್ಗಗಳು ಓದುವ ವಿನ್ಯಾಸದ ಫೈಲನ್ನು ತಯಾರಿಸುವ ಸಾಫ್ಟ್‌ವೇರ್ ಪೇಟೆಯಲ್ಲಿ ಇದ್ದದ್ದು ಒಂದೇ ಒಂದು. ಅದು ನಡೆಯುವುದು ವಿಂಡೋಸ್‌ನಲ್ಲಿ ಮಾತ್ರ. ಲಿನಕ್ಸಿನಲ್ಲಿ ಅದನ್ನು ಎಬ್ಬಿಸಲು ಕಾಕಾ ಮಾಡದ ಉಪಾಯವಿಲ್ಲ. ಅದು ಏಳಲಿಲ್ಲ. ಕೊನೆಗೆ ಸೋತು, ಲಿನಕ್ಸಿನೊಳಗೇ ಒಂದು ಸುಳ್ಳು ಕಂಪ್ಯೂಟರ್ ಕಟ್ಟಿ, ಆ ಸುಳ್ಳು ಕಂಪ್ಯೂಟರಿನೊಳಗೆ ವಿಂಡೋಸ್ ಕೂರಿಸಿ, ಅದರೊಳಗೆ ಈ ಸಾಫ್ಟ್‌ವೇರ್ ಇಟ್ಟುಕೊಟ್ಟರು. ಅದಕ್ಕೆ ಅವರಿಟ್ಟ ಹೆಸರು ‘ಬಾಡಿಗಿ ಖೋಲಿ’, ಸ್ವಂತ ಮನೆಯೊಳಗಿನ ಬಾಡಿಗೆ ಕೋಣೆ.

ಖೋಲಿ ತೆರೆಯುವುದಕ್ಕೆ ಮಡಿಯಿತ್ತು. ಮೊದಲು ಕಾಕಾ ಇಂಟರ್ನೆಟ್ಟಿನ ವಾಯರ್ ಕಿತ್ತು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ಹೊರಗೆ ಹೋಗಿ ಕಟ್ಟೆಯ ಮೇಲೆ ಬೆನ್ನು ಮಾಡಿ ಕೂರುತ್ತಿದ್ದರು. ಖೋಲಿ ತೆರೆದಿರುವಷ್ಟು ಹೊತ್ತು ಮೌಸು ಮುಟ್ಟುತ್ತಿರಲಿಲ್ಲ.

“ಇವ್ರು ಹೊರಗ ಹೋದ್ರ ಕಂಪ್ಯೂಟರಿಗೂ ಜೀವಕ್ಕ ಸಮಾಧಾನ,” ಎನ್ನುತ್ತಿದ್ದರು ಕಾಕೂ. ಆ ಮನೆಯಲ್ಲಿ ಒಂದು ದಿನವೂ ತಕರಾರು ಮಾಡದೆ ದುಡಿದ ಸಾಫ್ಟ್‌ವೇರ್ ಅದೊಂದೇ. ಅದನ್ನು ಕಾಕಾನ ಎದುರು ಹೇಳುವ ಧೈರ್ಯ ಯಾರಿಗಿತ್ತು?

ಕಾಕೂಗೆ ಒಂದು ಆಸೆಯಿತ್ತು. ಅಷ್ಟು ವರ್ಷ ಊರಿನ ಹೆಂಗಸರಿಗೆಲ್ಲ ದಡಿ ಬರೆದರು. ತಮಗೆಂದೇ, ಇನ್ನಾರಿಗೂ ಕೊಡದ ಒಂದು ದಡಿಯ ಸೀರೆ ಬೇಕಿತ್ತು. ಹಿಪ್ಪರಗಿ ಕಡೆ ಹೋಗುವಾಗ ದಾರಿಯುದ್ದಕ್ಕೂ ಕಬ್ಬು ಹೂಬಿಟ್ಟು ಗಾಳಿಗೆ ಒಂದೇ ಕಡೆ ವಾಲಿ ನಿಂತಿರುತ್ತದಲ್ಲ, ಅದು ಆ ದಡಿಯ ಮೇಲೆ ಬರಬೇಕು. ರೈತರಿಗೆ ಕಬ್ಬಿನ ಹೂ ಕಂಡರೆ ಆಗುವುದಿಲ್ಲ, ಇಳುವರಿ ಹೋಯಿತು ಎನ್ನುತ್ತಾರೆ. ಕಾಕೂಗೆ ಅದೇ ಚೆಂದ.

ಕಾಕಾ ಅಡ್ಡ ನಿಂತರು. “ಊರಿನ ಸೀರಿ ಬೇಕಾದಲ್ಲಿ ಆಗಲಿ. ನಿನ್ನ ಸೀರಿ ಬಾಡಿಗಿ ಖೋಲ್ಯಾಗ ಹುಟ್ಟೂದು ಬ್ಯಾಡ. ಲಿನಕ್ಸಿನ್ಯಾಗ ನಾನ ಪ್ರೋಗ್ರಾಮ್ ಬರೀತೀನಿ. ಅದರಾಗ ಮೊದಲ ಆಗೂದು ನಿನ್ನ ದಡಿ.”

“ಬಾಡಿಗಿ ಮನ್ಯಾಗ ಹುಟ್ಟಿದ ಮಕ್ಕಳು ಛಲೋ ಇರಂಗಿಲ್ಲೇನ್ರಿ?”

“ಸ್ವಲ್ಪ ತಡಿ.”

ಆ ಸ್ವಲ್ಪ ವರ್ಷಗಟ್ಟಲೆ ನಡೆಯಿತು. ಕಾಕಾನ ಪ್ರೋಗ್ರಾಮಿಗೆ ನೆಟ್ಟಗಿನ ಗೆರೆ ಬರುತ್ತಿತ್ತು, ಚೌಕ ಬರುತ್ತಿತ್ತು. ಬಾಗಿದ್ದು ಮಾತ್ರ ಬರುತ್ತಿರಲಿಲ್ಲ. ಪರೀಕ್ಷೆಗೆಂದು ಒಮ್ಮೆ ನವಿಲು ಹಾಕಿ, ಪಕ್ಕದ ಮಗ್ಗದ ಮಲ್ಲಪ್ಪನಿಂದ ಒಂದು ತುಂಡು ನೇಯಿಸಿದರು. ಮಲ್ಲಪ್ಪ ತುಂಡನ್ನು ಉದ್ದಕ್ಕೆ ಹಿಡಿದ, ಅಡ್ಡಕ್ಕೆ ಹಿಡಿದ.

“ಸರ, ಇದು ಕಬ್ಬಿನ ಟ್ರ್ಯಾಕ್ಟರ್ ಹೌದಲ್ರಿ?”

“ನವಿಲೋ ಅದು.”

“ಹಂಗಾದ್ರ ಟ್ರೇಲಿ ಯಾಕ ಐತ್ರಿ?”

“ಗರಿ ಅದು.”

“ಇರ್ಲಿ ಬಿಡ್ರಿ ಸರ. ಟವೆಲ್ ಮಾಡಿದ್ರ ರೈತ್ರು ಹೊತಗೊಂಡು ಹೊಕ್ಕಾರ.”

ಕಾಕೂ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಇದಕ್ಕೆ ನಾನೇ ಸಾಕ್ಷಿ, ಅಂದುಕೊಂಡಿದ್ದೇನೆ.

ಕಾಕೂ ತಾವೇ ಸುಮ್ಮನೆ ಖೋಲಿಯಲ್ಲಿ ಕೂತು ದಡಿ ಮುಗಿಸಿ ಮಲ್ಲಪ್ಪನಿಗೆ ಕೊಟ್ಟುಬಿಡಬಹುದಿತ್ತಲ್ಲ? ನಾನು ಕೇಳಿದ್ದೆ. ಅವರು ಹೇಳಿದ್ದು: “ಸುರು ಮಾಡೇನಪಾ. ಅರ್ಧಕ್ಕ ಬಿಟ್ಟೇನಿ. ನಾ ಮುಗಿಸಿದ್ರ ಅವರ ಪ್ರೋಗ್ರಾಮ್ ಅಲ್ಲೇ ನಿಂತಬಿಡ್ತೈತಿ. ಅದೊಂದ ಅವ್ರಿಗೆ ಉಳದದ್ದು.”

ಸಂಕ್ರಾಂತಿಗೆ ಕೇಳಿದರೂ, ಪಂಚಮಿಗೆ ಕೇಳಿದರೂ ಕಾಕಾನ ಉತ್ತರ ಒಂದೇ: “ಇನ್ನ ಸ್ವಲ್ಪ ಉಳದೈತಿ.”

ಆಮೇಲೆ ಕಾಕೂಗೆ ಜಡ್ಡಾಯಿತು. ಮೀರಜದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದರು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಪಡಸಾಲೆಯಲ್ಲೇ ಕಾಟ್ ಹಾಕಿ ಮಲಗಿಸಿದರು. ಎದ್ದು ಕೂರುವ ಶಕ್ತಿ ಅವರಿಗಿರಲಿಲ್ಲ.

ನಾನು ನೋಡಲು ಹೋದ ದಿನ ಮಗ್ಗಗಳು ನಡೆದಿದ್ದವು. ಒಳಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತೆ. ಬಾಡಿಗಿ ಖೋಲಿ ತೆರೆದಿತ್ತು. ಅದರ ಮುಂದೆ ಕೂತವರು ಕಾಕಾ. ಅವರ ಕೈ ಮೌಸಿನ ಮೇಲಿತ್ತು. ಕಾಕೂ ಅರ್ಧಕ್ಕೆ ಬಿಟ್ಟಿದ್ದ ಕಬ್ಬಿನ ಹೂವು ಪರದೆಯ ತುಂಬ. ಕಾಕೂ ಕಾಟಿನ ಮೇಲಿಂದ ಹೇಳುತ್ತಿದ್ದರು, ಕಾಕಾ ಚೌಕ ತುಂಬುತ್ತಿದ್ದರು.

“ಎಡಕ್ಕರಿ. ಇನ್ನೂ ಎಡಕ್ಕ.”

“ಬಂದೆ.”

“ಎಡಕ್ಕ ಅಂದ್ರ ನಿಮ್ಮ ಎಡಕ್ಕಲ್ಲ, ಹೂವಿನ ಎಡಕ್ಕ.”

“ಹೂವಿಗೆ ಎಡ ಬಲ ಎಲ್ಲಿರ್ತಾವ?”

“ಇಷ್ಟ ದಿನ ಬರೇ ಗೆರಿ ಎಳದೀರಿ. ಈಗ ಹೂವಿನ ಮಾತ ಕೇಳ್ರಿ.”

ಕಾಕಾ ತಿರುಗಿ ನನ್ನನ್ನು ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು ಎಂದು ನನ್ನ ನೆನಪು. ನನ್ನ ಜೊತೆಗೆ ಬಂದಿದ್ದ ನಮ್ಮ ಅಕ್ಕ ಹಾಗೇನೂ ಇರಲಿಲ್ಲ, ಕನ್ನಡಕದ ಮೇಲೆ ಪರದೆಯ ಬೆಳಕು ಬಿದ್ದಿತ್ತು ಎನ್ನುತ್ತಾಳೆ. ಆ ದಿನ ಅವರು ಹೊಸ ಮಾತೇನೂ ಆಡಲಿಲ್ಲ. “ಇನ್ನ ಸ್ವಲ್ಪ ಉಳದೈತಿ,” ಎಂದರು. ಆ ಮಾತನ್ನು ಅವರು ಕೂಗದೆ ಹೇಳಿದ್ದು ಅದೊಂದೇ ಸಲ.

ಮಲ್ಲಪ್ಪ ತನ್ನ ಕೆಲಸ ಬದಿಗಿಟ್ಟು ಮೊದಲು ಗೇಣುದ್ದದ ಮಾದರಿ ತುಂಡು ನೇಯ್ದು ತಂದ. ಮುಂದಿನದನ್ನು ನಾನು ಅವನಿಂದ ಕೇಳಿದ್ದು. ಕಾಕೂ ತುಂಡನ್ನು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ದಡಿ ಸವರಿದರಂತೆ.

“ಇಲ್ಲೊಂದ ಎಳಿ ತಪ್ಪೇತ್ರಿ.”

“ಎಲ್ಲಿ? ಈಗ ತಿದ್ತೀನಿ,” ಎಂದು ಕಾಕಾ ಎದ್ದರಂತೆ.

“ಬ್ಯಾಡ್ರಿ. ಇರಲಿ. ನೀವು ಮಾಡಿದ್ದಂತ ಗೊತ್ತಾಗ್ಲಿ.”

ಸೀರೆ ಮಗ್ಗದಿಂದ ಇಳಿಯುವಷ್ಟರಲ್ಲಿ ಕಾಕೂ ಇರಲಿಲ್ಲ. ಅವರು ಕಂಡದ್ದು ಆ ಗೇಣುದ್ದದ ತುಂಡನ್ನು ಮಾತ್ರ.

ಈಗಲೂ ಕಾಕಾ ಲಿನಕ್ಸ್ ಬಿಟ್ಟಿಲ್ಲ. ಮನೆಗೆ ಬಂದವರಿಗೆ ಉಪದೇಶ ತಪ್ಪಿಲ್ಲ. ಆದರೆ ಬಾಡಿಗೆ ಮನೆಯ ಮಾತಿಗೆ ಬಂದಾಗ ಯಾಕೋ ವಿಷಯ ಬದಲಿಸುತ್ತಾರೆ. “ಇನ್ನ ಆ ಖೋಲಿ ಯಾಕ್ರಿ, ತಗದಬಿಡ್ರಿ,” ಎಂದು ಮುಧೋಳದ ತಮ್ಮ ಹೇಳಿ ನೋಡಿದ. “ಆಕಿ ಬರದ ದಡಿ ಎಲ್ಲಾ ಅದರಾಗ ಅದಾವು. ಬ್ಯಾರೆ ಎಲ್ಲೂ ತೆರಿಯಂಗಿಲ್ಲ,” ಎಂದರಂತೆ. ದಿನಾ ಬೆಳಿಗ್ಗೆ ಒಮ್ಮೆ ಆ ಖೋಲಿ ತೆರೆದು, ಎಲ್ಲ ತೆರೆಯುತ್ತವೆಯೇ ಎಂದು ನೋಡಿ ಮುಚ್ಚುತ್ತಾರೆ. ಹೊರಗೆ ಕಟ್ಟೆಗೆ ಹೋಗುವುದಿಲ್ಲ.

ಆ ತಪ್ಪಿದ ಎಳೆಯ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಕಾಕಾ ಅದನ್ನು ತಿದ್ದಿಯೇ ಸೀರೆ ನೇಯಿಸಿರುತ್ತಾರೆ, ತಪ್ಪು ಕಂಡು ಸುಮ್ಮನಿರುವ ಮನುಷ್ಯರಲ್ಲ ಎಂದು ಮುಧೋಳದ ತಮ್ಮ. ಫೈಲು ಬದಲಾಗಲೇ ಇಲ್ಲ ಎಂದು ಮಲ್ಲಪ್ಪ. ಕಾಕಾನ ಸ್ವಭಾವ ಬಲ್ಲ ನನಗೂ ತಮ್ಮನ ಮಾತೇ ಸರಿ ಎನಿಸಿತ್ತು. ಹೋದ ತಿಂಗಳು ಬನಹಟ್ಟಿಗೆ ಹೋದಾಗ ಸೀರೆ ನೋಡಬೇಕೆಂದೆ. ಕಾಕಾ ಟ್ರಂಕಿನಿಂದ ತೆಗೆದುಕೊಟ್ಟರು. ಅಂಗಳದ ಬಿಸಿಲಿಗೆ ಹಿಡಿದು ದಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳಿಟ್ಟು ನೋಡಿದೆ. ತಿದ್ದಿಲ್ಲ. ಒಂದು ಹೂವಿನಲ್ಲಿ ತಪ್ಪಿದ್ದನ್ನು ಮಗ್ಗ ಎಲ್ಲದರಲ್ಲೂ ತಪ್ಪಿಸಿದೆ. ಸೀರೆಯ ಉದ್ದಕ್ಕೂ, ಪ್ರತಿಯೊಂದು ಹೂವಿನ ಎಡಕ್ಕೆ, ಆ ಒಂದು ಎಳೆ ಹಾಗೆಯೇ ಇದೆ.