ಹೊಸ ನಳಿಗೆಯೂ ಅತ್ತೆಯ ಟರ್ಕಿಯೂ

ನನ್ನ ಹೆಂಡತಿ ಟೆಸ್ಸಾಳ ಅಮ್ಮ, ಅಂದರೆ ನನ್ನ ಅತ್ತೆ ಡಾರ್ಲೀನ್, ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟಕ್ಕೆ ನಮ್ಮ ಮನೆಗೆ ಬರುವಾಗ ಟರ್ಕಿ ಕೋಳಿಯನ್ನು ತಾವೇ ತರುತ್ತಾರೆ. ಹುರಿದು, ಬಟ್ಟೆ ಸುತ್ತಿ, ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿಕೊಂಡು. (ನಾನು ಬೆಲ್ಟ್ ಹಾಕಿದೆನೋ ಇಲ್ಲವೋ ಎಂದು ಅವರು ಒಮ್ಮೆಯೂ ನೋಡಿದವರಲ್ಲ.)

ವಿಸ್ಕಾನ್ಸಿನ್ನಿನ ಚೀಸ್ ಕಾರ್ಖಾನೆಯಲ್ಲಿ ಡಬ್ಬ ಕಟ್ಟುವ ನನ್ನಂಥವನಿಗೂ ಮಾನ ಎಂಬುದೊಂದಿದೆ. ಈ ಸಲ ಫೋನಿನಲ್ಲಿ ಘೋಷಿಸಿಬಿಟ್ಟೆ.

"ಅತ್ತೆ, ಈ ವರ್ಷ ಕೋಳಿ ನನ್ನದು. ಬಂದೂಕು ಕ್ಲಬ್ಬಿನ ಗುರಿ ಸ್ಪರ್ಧೇಲಿ ಬಹುಮಾನ ಟರ್ಕೀನೇ, ಗೆದ್ದು ತರ್ತೀನಿ."

"ಸರಿಯಪ್ಪಾ ಲೈಲ್. ಯಾವುದಕ್ಕೂ ಇರ್ಲಿ, ಟೆಸ್ಸಾಗೆ ಆಲೂಗಡ್ಡೆ ಸ್ವಲ್ಪ ಜಾಸ್ತಿ ಬೇಯಿಸೋಕೆ ಹೇಳು."

ಗುಂಡನ್ನು ತಾನೇ ಏರಿಸಿಕೊಳ್ಳುವ ನನ್ನ ಸೆಮಿ ಆಟೋಮ್ಯಾಟಿಕ್ ರೈಫಲ್ಲಿನ ನಳಿಗೆ ಸವೆದಿತ್ತು. (ಗುರಿ ತಪ್ಪಿದಾಗಲೆಲ್ಲ ನಾನು ಹೇಳುತ್ತಿದ್ದುದು ಇದನ್ನೇ.) ಹೊಸದನ್ನು ತರಿಸಿದೆ. ಬಂದೂಕು ರಿಪೇರಿಯ ಗಸ್ ತಾತ "ಕೊಟ್ಟು ಹೋಗು, ಹಾಕಿಕೊಡ್ತೀನಿ" ಎಂದ. ವಿಡಿಯೋದಲ್ಲಿನ ಗಡ್ಡದವನು "ಅಡುಗೆಮನೆ ಮೇಜಿನ ಮೇಲೆ, ಹತ್ತೇ ನಿಮಿಷ" ಎಂದ. ನಾನು ಗಡ್ಡವನ್ನು ನಂಬಿದೆ.

ಹೊಸ ನಳಿಗೆ ಒಳಹೋಗಲೊಲ್ಲದು. ಲೋಹ ತಣ್ಣಗಾದರೆ ಕುಗ್ಗುತ್ತದೆ, ಬಿಸಿಯಾದರೆ ಹಿಗ್ಗುತ್ತದೆ ಎಂಬ ಪರಮಸತ್ಯ ನೆನಪಾಗಿ, ನಳಿಗೆಯನ್ನು ಫ್ರೀಜರಿನಲ್ಲಿ ಜಿಂಕೆ ಮಾಂಸದ ಪಕ್ಕ ಮಲಗಿಸಿ, ರೈಫಲ್ಲಿನ ಮೈಗೆ ಹೆಂಡತಿಯ ಹೇರ್ ಡ್ರೈಯರ್ ಹಿಡಿದೆ. ಅಷ್ಟರಲ್ಲಿ ಟೆಸ್ಸಾ ತಲೆಸ್ನಾನ ಮುಗಿಸಿ ಬಂದಳು.

"ನನ್ ತಲೆ ಒದ್ದೆ, ಬಂದೂಕಿಗೆ ಬಿಸಿಗಾಳಿನಾ? ಅದಕ್ಕೇನು ಶೀತ ಆಗಿದ್ಯಾ?"

"ಐದೇ ನಿಮಿಷ ಕಣೇ."

"ಹತ್ತು ನಿಮಿಷದ ಕೆಲಸ ಶುರುವಾಗಿ ನಾಲ್ಕು ಗಂಟೆ ಆಯ್ತು. ಗಸ್ ತಾತನ ಹತ್ರ ಕೊಟ್ಟಿದ್ರೆ ನಿನ್ ಗಂಟೇನ್ ಹೋಗ್ತಿತ್ತು?"

"ಸ್ವಂತ ಕೈಯಲ್ಲಿ ಮಾಡೋದ್ರಲ್ಲಿ ಒಂದು ಗೌರವ ಇದೆ."

ಅದೇ ಹೊತ್ತಿಗೆ ಡ್ರೈಯರ್ ಪುಸ್ಸೆಂದು ಹೊಗೆಯುಗುಳಿ ಪ್ರಾಣಬಿಟ್ಟಿತು. ಟೆಸ್ಸಾ ಬೈಯಲಿಲ್ಲ. ಬಿಸಿ ಓವನ್ನಿನ ಬಾಗಿಲು ತೆರೆದು ಅದರೆದುರು ಕೂದಲು ಹರವಿ ಕೂತಳು. (ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.)

ನಳಿಗೆ ಮಾತ್ರ ಟಕ್ಕೆಂದು ಕೂತಿತು!

ಶನಿವಾರದ ಸ್ಪರ್ಧೆ. ಇದಕ್ಕೆ ನಾನು ಹೋದದ್ದು ಅದೇ ಮೊದಲು. ಢಂ! ಗುರಿಗೆಂದು ನಿಲ್ಲಿಸಿದ್ದ ಮೊದಲ ತಗಡು ಉರುಳಿತು. ಎರಡನೆಯದಕ್ಕೆ ಬೆರಳೊತ್ತಿದರೆ ರೈಫಲ್ಲಿನದು ಮೌನವ್ರತ. ಗುಂಡು ಹಾರಿದಾಗಿನ ಅನಿಲ ನಳಿಗೆಯ ಸಣ್ಣ ತೂತಿನಿಂದ ಹಿಂದಕ್ಕೆ ಹರಿದು ಮುಂದಿನ ಗುಂಡನ್ನು ತಾನೇ ಏರಿಸಬೇಕು. ಆ ತೂತಿನ ಮೇಲೆ ನಾನು ಕೂರಿಸಿದ್ದ ಪುಟ್ಟ ಲೋಹದ ತುಂಡು ಸೊಟ್ಟಗೆ ಕೂತು ದಾರಿ ಮುಚ್ಚಿತ್ತು. ಪ್ರತಿ ಗುಂಡನ್ನೂ ಕೈಯಲ್ಲಿ ಹಿಡಿ ಎಳೆದು ಏರಿಸಬೇಕಾಯಿತು.

ತೀರ್ಪುಗಾರ್ತಿ ಗ್ವೆನ್ ಬಂದು ನೋಡಿದಳು. "ಇದು ತಾನಾಗಿ ಲೋಡ್ ಆಗ್ತಿಲ್ವಲ್ಲೋ. ಕೈಯಲ್ಲಿ ಎಳೆಯೋರ ಸಾಲು ಅಲ್ಲಿದೆ, ನಡಿ."

ಅಲ್ಲಿ ಎಪ್ಪತ್ತು ದಾಟಿದವರು ಕಂಬಳಿ ಹೊದ್ದು, ಫ್ಲಾಸ್ಕಿನ ಕಾಫಿ ಹೀರುತ್ತ ಕೂತಿದ್ದರು. ನಡುವೆ, ಮಂಡಿಯ ಮೇಲೆ ಹಳೇ ರೈಫಲ್ಲಿಟ್ಟುಕೊಂಡು, ಅತ್ತೆ!

"ನೀವೇನ್ ಮಾಡ್ತಿದೀರಾ ಇಲ್ಲಿ?"

"ಇನ್ನೇನು, ಪ್ರತಿ ವರ್ಷ ತರೋ ಕೋಳೀನ ಅಂಗಡೀಲಿ ಕೊಳ್ತೀನಿ ಅಂದ್ಕೊಂಡಿದ್ಯಾ?" ಎಂದು ಪಕ್ಕಕ್ಕೆ ಸರಿದು ಕಂಬಳಿಯಲ್ಲಿ ಜಾಗ ಕೊಟ್ಟರು. "ಬಾ ಮಗಾ, ಬಾ."

ಐದು ಗುಂಡು, ಐದು ತಗಡು. ಅವರದು. ನನ್ನ ಲೆಕ್ಕ ಬೇಡ.

ಹಬ್ಬದ ದಿನ ಟರ್ಕಿ ಎಂದಿನಂತೆ ಬೆಲ್ಟ್ ಕಟ್ಟಿಕೊಂಡು ಬಂತು. ಊಟಕ್ಕೆ ಮುಂಚೆ ಮೇಜಿನ ಸುತ್ತ ಎಲ್ಲರೂ ತಮಗೊದಗಿದ ಒಳ್ಳೆಯದಕ್ಕೆ ಕೃತಜ್ಞತೆ ಹೇಳಬೇಕು. ಅತ್ತೆಯ ಸರದಿ ಬಂತು. ಭಕ್ತಿಯಿಂದ ಕಣ್ಣು ಮುಚ್ಚಿದರು.

"ದೇವರೇ, ನಮ್ಮ ಸಾಲಿಗೆ ಲೈಲ್‌ನ ಕಳಿಸಿದ್ದಕ್ಕೆ ಕೃತಜ್ಞತೆ. ಹನ್ನೊಂದು ವರ್ಷದಿಂದ ಕಡೇ ಸ್ಥಾನ ಹ್ಯಾರಲ್ಡ್ ತಾತಂದೇ ಆಗಿತ್ತು. ಎಂಬತ್ತೆಂಟು ವಯಸ್ಸು, ಒಂದು ಕಣ್ಣು ಬೇರೆ ಕಾಣಲ್ಲ. ಸಾಯೋ ಮುಂಚೆ ಒಬ್ಬನ್ನಾದ್ರೂ ಸೋಲಿಸೋ ಸುಖ ಪಾಪ ಅವನಿಗೂ ಸಿಕ್ತು."

ಆಮೆನ್ ಎಂದವರಲ್ಲಿ ಎಲ್ಲರಿಗಿಂತ ಜೋರು ದನಿ ನನ್ನ ಹೆಂಡತಿಯದು.